ಪ್ರಶ್ನೋತ್ತರ: ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಇಂಟರ್ನ್‌ಗಳು ದಿನವಿಡೀ ಏನು ಮಾಡುತ್ತಾರೆ?

ವಿಶ್ವಸಂಸ್ಥೆ ಮತ್ತು ಅದರ ಅಂಗಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್‌ಗೆ ಅರ್ಜಿ ಸಲ್ಲಿಸುವ ಕ್ರಮವನ್ನು ಕಳೆದ ಸಂಚಿಕೆಯಲ್ಲಿ ವಿವರಿಸಿದ್ದೆವು. ಅದನ್ನು ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರು ಅರ್ಜಿಯ ವಿಷಯವನ್ನು ಬದಿಗಿಟ್ಟು, ಆಯ್ಕೆಯಾದ ಮೇಲೆ ಅಲ್ಲಿ ಮಾಡಬೇಕಾದ ಕೆಲಸ ಎಂಥದ್ದು ಎಂದೇ ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಓದುಗರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಪ್ರಕಟಣೆಗಳಲ್ಲಿ ಇಂಟರ್ನ್‌ನ ಕೆಲಸವನ್ನು ‘ಸಂಶೋಧನೆಗೆ ನೆರವಾಗುವುದು, ಕರಡು ಸಿದ್ಧಪಡಿಸುವುದು, ಸಭೆಗಳಿಗೆ ಸಹಕರಿಸುವುದು’ ಎಂದು ಬರೆದಿರುತ್ತಾರೆ. ಎಷ್ಟು ಸಲ ಓದಿದರೂ, ಬೆಳಿಗ್ಗೆ ಕಚೇರಿಗೆ ಹೋದವರು ಮೊದಲು ಯಾವ ಕೆಲಸಕ್ಕೆ ಕೈ ಹಾಕುತ್ತಾರೆ ಎಂಬುದು ತಿಳಿಯುವುದಿಲ್ಲ. ಒಂದು ದಿನದ ಕೆಲಸವನ್ನು ಬಿಡಿಸಿ ಹೇಳುವಿರಾ?

ಉತ್ತರ: ಆ ಮೂರು ಮಾತುಗಳು ಸುಳ್ಳಲ್ಲ, ಆದರೆ ಅವುಗಳ ಒಳಗೆ ಏನಿದೆ ಎಂಬುದನ್ನು ಅವು ಹೇಳುವುದಿಲ್ಲ. ರಾಜಕೀಯ, ಮಾನವ ಹಕ್ಕು ಅಥವಾ ಅಭಿವೃದ್ಧಿಗೆ ಸಂಬಂಧಿಸಿದ ವಿಭಾಗವೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲ್ಲಿ ಇಂಟರ್ನ್‌ನ ದಿನ ಸಾಮಾನ್ಯವಾಗಿ ಓದುವುದರಿಂದ ಆರಂಭವಾಗುತ್ತದೆ. ವಿಭಾಗವು ಗಮನಿಸುತ್ತಿರುವ ದೇಶ ಅಥವಾ ವಿಷಯದ ಬಗ್ಗೆ ಹಿಂದಿನ ರಾತ್ರಿಯಿಂದ ಬಂದ ಸುದ್ದಿ, ಸರ್ಕಾರಗಳ ಹೇಳಿಕೆ ಮತ್ತು ಸಹಸಂಸ್ಥೆಗಳ ವರದಿಗಳನ್ನು ನೋಡಿ, ಅಧಿಕಾರಿಗಳು ತಮ್ಮ ಬೆಳಗಿನ ಸಭೆಗೆ ಹೋಗುವ ಮುನ್ನ ಓದಿ ಮುಗಿಸಬಹುದಾದಷ್ಟು ಚಿಕ್ಕದಾದ ಸಾರಾಂಶವನ್ನು ಸಿದ್ಧಪಡಿಸಬೇಕಾಗುತ್ತದೆ. ಕೇಳುವುದಕ್ಕೆ ಇದು ಸುಲಭದ ಕೆಲಸ. ಆದರೆ ಇಪ್ಪತ್ತು ಸುದ್ದಿಗಳಲ್ಲಿ ಯಾವ ನಾಲ್ಕು ಮುಖ್ಯ, ಯಾವುದು ಇನ್ನೂ ದೃಢಪಟ್ಟಿಲ್ಲ, ಯಾವ ಅಂಕಿಯನ್ನು ಯಾರು ಕೊಟ್ಟಿದ್ದಾರೆ ಎಂದು ತೀರ್ಮಾನಿಸುವ ಹೊಣೆ ಅಲ್ಲಿ ಹೊಸಬರ ಮೇಲೆಯೇ ಬೀಳುತ್ತದೆ.

ನ್ಯೂಯಾರ್ಕ್‌ನ ಕೇಂದ್ರ ಕಚೇರಿಯಲ್ಲಿ ಔಪಚಾರಿಕ ಸಭೆಗಳು ವಾಡಿಕೆಯಂತೆ ಬೆಳಿಗ್ಗೆ 10ರಿಂದ 1ರವರೆಗೆ ಮತ್ತು ಮಧ್ಯಾಹ್ನ 3ರಿಂದ 6ರವರೆಗೆ ನಡೆಯುತ್ತವೆ. ಅಧಿವೇಶನದ ದಿನಗಳಲ್ಲಿ ಇಂಟರ್ನ್‌ನ ದಿನವೂ ಈ ಎರಡು ಅವಧಿಗಳ ಸುತ್ತಲೇ ಸುತ್ತುತ್ತದೆ. ಎಲ್ಲ ಸದಸ್ಯ ರಾಷ್ಟ್ರಗಳೂ ಸೇರುವ ಸಾಮಾನ್ಯ ಸಭೆಯ (ಜನರಲ್ ಅಸೆಂಬ್ಲಿ) ಆರು ಮುಖ್ಯ ಸಮಿತಿಗಳಲ್ಲಿ ಒಂದರ ಕಲಾಪಕ್ಕೆ ಹೋಗಿ ಗೋಡೆಬದಿಯ ಕುರ್ಚಿಯಲ್ಲಿ ಕುಳಿತು, ಯಾವ ದೇಶದ ಪ್ರತಿನಿಧಿ ಏನು ಹೇಳಿದರು ಎಂದು ಬರೆದುಕೊಳ್ಳಬೇಕು. ನಡುವಿನ ಎರಡು ಗಂಟೆಗಳಲ್ಲಿ ಊಟ ಮುಗಿಸಿ ಬೆಳಗಿನ ಟಿಪ್ಪಣಿಯನ್ನು ಶುದ್ಧಪ್ರತಿ ಮಾಡಿದರೆ ಸಂಜೆಯ ಕೆಲಸ ಹಗುರವಾಗುತ್ತದೆ. ಸಭೆಗಳಿಲ್ಲದ ದಿನಗಳಲ್ಲಿ ಹಿರಿಯ ಅಧಿಕಾರಿಯೊಬ್ಬರು ರಾಯಭಾರಿಯನ್ನು ಭೇಟಿಯಾಗುವ ಮುನ್ನ ಓದಿಕೊಳ್ಳಬೇಕಾದ ಹಿನ್ನೆಲೆ ಟಿಪ್ಪಣಿ, ಅವರು ಎತ್ತಬೇಕಾದ ಅಂಶಗಳ ಪಟ್ಟಿ, ವರದಿಯೊಂದರ ಅಡಿಟಿಪ್ಪಣಿಗಳ ತಪಾಸಣೆ, ಎಕ್ಸೆಲ್ ಹಾಳೆಯಲ್ಲಿ ಅಂಕಿಅಂಶಗಳನ್ನು ಒಪ್ಪ ಮಾಡುವುದು, ಕಾರ್ಯಾಗಾರಕ್ಕೆ ಬರುವವರ ಪಟ್ಟಿ ಸಿದ್ಧಪಡಿಸುವುದು, ಹೀಗೆ ಕೆಲಸ ಹರಡಿಕೊಂಡಿರುತ್ತದೆ.

ಅಡಿಟಿಪ್ಪಣಿಗಳ ತಪಾಸಣೆ ಎಂದೆವು. ಹೊಸಬರು ಇದನ್ನು ಬೇಸರದ ಕೆಲಸವೆಂದು ಎಣಿಸುವುದರಿಂದ ಒಂದು ಮಾತು ಸೇರಿಸಬೇಕು. ವಿಶ್ವಸಂಸ್ಥೆಯ ಪ್ರತಿಯೊಂದು ಅಧಿಕೃತ ದಾಖಲೆಗೂ ಒಂದು ಸಂಕೇತವಿರುತ್ತದೆ, ಅಡಿಟಿಪ್ಪಣಿಗಳಲ್ಲಿ ದಾಖಲೆಯನ್ನು ಗುರುತಿಸುವುದು ಅದರಿಂದಲೇ. ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿದ 2015ರ ನಿರ್ಣಯದ ಸಂಕೇತ ಎ/ಆರ್‌ಇಎಸ್/70/1, ಅಂದರೆ ಸಾಮಾನ್ಯ ಸಭೆಯ 70ನೆಯ ಅಧಿವೇಶನದ ಮೊದಲ ನಿರ್ಣಯ. ಈ ಸಂಕೇತಗಳನ್ನು ಓದಲು ಕಲಿತವರು, ಒಂದು ವಾಕ್ಯ ಯಾವ ವರ್ಷ ಯಾವ ಸಮಿತಿಯಿಂದ ಹೊರಟು ಇಂದಿನ ಕರಡಿಗೆ ಬಂದು ನಿಂತಿದೆ ಎಂಬುದನ್ನು ತಾವೇ ಹಿಂದಕ್ಕೆ ಹೋಗಿ ಪತ್ತೆ ಮಾಡಬಲ್ಲರು. ಇಂಟರ್ನ್‌ಶಿಪ್‌ನಲ್ಲಿ ಕಲಿಯಬಹುದಾದ ವಿದ್ಯೆಗಳಲ್ಲಿ ಇದು ಅತ್ಯಂತ ಗಟ್ಟಿಯಾದದ್ದು ಎಂಬುದು ಈ ಅಂಕಣದ ಅಭಿಪ್ರಾಯ.

ಪ್ರಶ್ನೆ: ಮೂರು ಗಂಟೆಯ ಸಭೆಯ ಟಿಪ್ಪಣಿ ಎಂದರೆ ಎಲ್ಲವನ್ನೂ ಬರೆದುಕೊಳ್ಳಬೇಕೇ? ಈಗ ಸಭೆಗಳೆಲ್ಲ ಅಂತರಜಾಲದಲ್ಲಿ ನೇರಪ್ರಸಾರವಾಗುವಾಗ, ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶವೂ ಇರುವಾಗ, ಇದಕ್ಕೆ ಒಬ್ಬ ಮನುಷ್ಯನನ್ನು ಕೂರಿಸುವುದು ಏಕೆ?

ಉತ್ತರ: ಎಲ್ಲವನ್ನೂ ಬರೆದುಕೊಂಡ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ. ಜಿನೀವಾದಲ್ಲಿ ಮಾನವ ಹಕ್ಕುಗಳ ಮಂಡಳಿಯಡಿ ನಡೆಯುವ ಸಾರ್ವತ್ರಿಕ ನಿಯತಕಾಲಿಕ ಪರಾಮರ್ಶೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಿಶ್ವಸಂಸ್ಥೆಯ ಪ್ರತಿಯೊಂದು ಸದಸ್ಯ ರಾಷ್ಟ್ರವೂ ಸರದಿಯಂತೆ ಇತರ ರಾಷ್ಟ್ರಗಳ ಮುಂದೆ ತನ್ನ ಮಾನವ ಹಕ್ಕುಗಳ ಸ್ಥಿತಿಯನ್ನು ವಿವರಿಸಿ ಪ್ರಶ್ನೆಗಳಿಗೆ ಉತ್ತರಿಸಬೇಕಾದ ವ್ಯವಸ್ಥೆ ಇದು. ಒಂದು ದೇಶಕ್ಕೆ ಮೂರೂವರೆ ಗಂಟೆ ಮೀಸಲು. ಅದರಲ್ಲಿ 70 ನಿಮಿಷ ಪರಾಮರ್ಶೆಗೆ ಒಳಗಾದ ದೇಶಕ್ಕೆ, ಉಳಿದ 140 ನಿಮಿಷ ಮಾತನಾಡಲು ಬಯಸುವ ಉಳಿದೆಲ್ಲ ದೇಶಗಳಿಗೆ. ನೂರಕ್ಕೂ ಹೆಚ್ಚು ದೇಶಗಳು ಹೆಸರು ಕೊಟ್ಟರೆ ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು. ಆ ಒಂದು ನಿಮಿಷದಲ್ಲಿ ಪ್ರತಿನಿಧಿಯು ಅಧ್ಯಕ್ಷರಿಗೆ ಧನ್ಯವಾದ ಹೇಳಿ, ಎದುರಿನ ದೇಶದ ಪ್ರಗತಿಯನ್ನು ಹೊಗಳಿ, ಎರಡು ಮೂರು ಶಿಫಾರಸುಗಳನ್ನು ಉಸಿರು ಬಿಡದೆ ಓದಿಬಿಡುತ್ತಾರೆ. ಇಂಟರ್ನ್ ಹಿಡಿಯಬೇಕಾದದ್ದು ಆ ಶಿಫಾರಸುಗಳನ್ನು: ಮರಣದಂಡನೆಯನ್ನು ‘ರದ್ದುಪಡಿಸಿ’ ಎಂದರೇ, ‘ರದ್ದುಪಡಿಸುವ ಬಗ್ಗೆ ಪರಿಶೀಲಿಸಿ’ ಎಂದರೇ, ಕಳೆದ ಸರದಿಯಲ್ಲಿ ಇದೇ ದೇಶ ಇದನ್ನೇ ಹೇಳಿತ್ತೇ, ಈ ಬಾರಿ ಮಾತು ಮೆತ್ತಗಾಗಿದೆಯೇ.

ತಂತ್ರಾಂಶವು ಮಾತನ್ನು ಅಕ್ಷರಕ್ಕಿಳಿಸಬಲ್ಲದು, ಈಗ ಅದರ ಸಹಾಯವನ್ನು ಎಲ್ಲರೂ ಪಡೆಯುತ್ತಾರೆ. ಆದರೆ ಮೇಲ್ವಿಚಾರಕರು ಕೇಳುವುದು ಏನು ಹೊಸದು, ಏನು ಬಿಟ್ಟುಹೋಯಿತು ಎಂಬುದನ್ನು. ವರ್ಷಗಟ್ಟಲೆ ಒಂದು ವಿಷಯವನ್ನು ಎತ್ತುತ್ತಿದ್ದ ದೇಶ ಈ ಬಾರಿ ಸುಮ್ಮನಿದ್ದರೆ, ಟಿಪ್ಪಣಿಯಲ್ಲಿ ಮೊದಲು ಬರಬೇಕಾದದ್ದು ಆ ಸುಮ್ಮನಿರುವಿಕೆಯೇ. ಹಿಂದಿನ ದಾಖಲೆಗಳನ್ನು ಓದಿಕೊಂಡು ಹೋದವರಿಗೆ ಮಾತ್ರ ಅದು ಕಾಣುತ್ತದೆ. ಜೊತೆಗೆ, ನಿಜವಾದ ಚೌಕಾಸಿ ನಡೆಯುವ ಅನೌಪಚಾರಿಕ ಸಮಾಲೋಚನೆಗಳು ಸಾಮಾನ್ಯವಾಗಿ ನೇರಪ್ರಸಾರವಾಗುವುದಿಲ್ಲ. ಕರಡು ನಿರ್ಣಯವನ್ನು ಪರದೆಯ ಮೇಲೆ ಹಾಕಿ, ಒಪ್ಪಿಗೆಯಾಗದ ಪದಗಳನ್ನು ಚೌಕಾಕಾರದ ಆವರಣದೊಳಗಿಟ್ಟು, ಒಂದೊಂದೇ ಆವರಣವನ್ನು ಬಿಡಿಸುತ್ತ ಹೋಗುವ ಆ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಅರ್ಧ ದಿನ ಒಂದೇ ಪ್ಯಾರಾದಲ್ಲಿ ಕಳೆದುಹೋಗಬಹುದು. ಆದರೆ ರಾಷ್ಟ್ರಗಳು ಒಂದು ವಾಕ್ಯಕ್ಕೆ ಹೇಗೆ ಒಪ್ಪುತ್ತವೆ ಎಂಬುದನ್ನು ತರಗತಿಯಲ್ಲಿ ಹೀಗೆ ಕಾಣಲಾಗದು.

ಟಿಪ್ಪಣಿಯ ಉದ್ದದ ವಿಷಯದಲ್ಲಿ ಒಂದೇ ನಿಯಮವಿಲ್ಲ. ಒಂದು ಪುಟ ಕೇಳಿದರೆ ಒಂದೇ ಪುಟ ಕೊಡಿ. ಮೊದಲ ಪ್ಯಾರಾ ಓದಿ ಅಲ್ಲಿಗೇ ನಿಲ್ಲಿಸಿದವರಿಗೂ ಮುಖ್ಯ ಸಂಗತಿ ಸಿಕ್ಕಿರಬೇಕು, ಹಾಗೆ ಬರೆಯಿರಿ.

ಪ್ರಶ್ನೆ: ನಾವು ಬರೆದದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಹೆಸರು ಅದರಲ್ಲಿ ಇರುತ್ತದೆಯೇ?

ಉತ್ತರ: ಬಹುತೇಕ ಇರುವುದಿಲ್ಲ. ಇಂಟರ್ನ್ ಬರೆದ ಕರಡನ್ನು ಮೇಲ್ವಿಚಾರಕರು ತಿದ್ದುತ್ತಾರೆ, ಅವರ ಮೇಲಿನವರು ಮತ್ತೆ ತಿದ್ದುತ್ತಾರೆ, ಕೊನೆಗೆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದು ಅದು ಸಂಸ್ಥೆಯ ಮಾತಾಗುತ್ತದೆ. ಅಧಿಕೃತ ವರದಿಯಾದರೆ ಅದರ ಪದಮಿತಿಯೂ ನಿಗದಿಯಾಗಿದೆ. ವಿಶ್ವಸಂಸ್ಥೆಯ ಸಚಿವಾಲಯ ಸಿದ್ಧಪಡಿಸುವ ವರದಿಗಳು ಸಾಮಾನ್ಯವಾಗಿ 8,500 ಪದಗಳನ್ನು ಮೀರಬಾರದು, ಏಕೆಂದರೆ ಅದನ್ನು ಆರು ಅಧಿಕೃತ ಭಾಷೆಗಳಿಗೆ ಅನುವಾದಿಸಬೇಕು. ಆದ್ದರಿಂದ ನೀವು ಎರಡು ದಿನ ಕುಳಿತು ಬರೆದ ಎರಡು ಪುಟಗಳು ಅಂತಿಮ ಪ್ರತಿಯಲ್ಲಿ ಎರಡು ಸಾಲಾಗಿ ಉಳಿಯಬಹುದು.

ದೇಶಗಳ ಹೆಸರಿನಲ್ಲಿ ಮಾತ್ರ ಇಂಟರ್ನ್‌ಗೂ ರಿಯಾಯಿತಿ ಇಲ್ಲ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಯಿತು, ಮ್ಯಾಸಿಡೋನಿಯಾ 2019ರಲ್ಲಿ ಉತ್ತರ ಮ್ಯಾಸಿಡೋನಿಯಾ ಆಯಿತು, ಟರ್ಕಿ ತನ್ನನ್ನು ತುರ್ಕಿಯೆ ಎಂದೇ ಬರೆಯಬೇಕೆಂದು ಕೋರಿದ್ದನ್ನು ವಿಶ್ವಸಂಸ್ಥೆ 2022ರಲ್ಲಿ ಒಪ್ಪಿತು. ಹಳೆಯ ಕಡತದಿಂದ ನಕಲು ಮಾಡಿದ ಒಂದು ಹೆಸರು ಅಥವಾ ವಿವಾದಿತ ಗಡಿಯನ್ನು ಖಚಿತ ಗೆರೆಯಲ್ಲಿ ತೋರಿಸಿದ ಒಂದು ನಕ್ಷೆ ಹೊರಗೆ ಹೋದರೆ, ಸಂಬಂಧಪಟ್ಟ ದೇಶದ ಆಕ್ಷೇಪ ಮರುದಿನವೇ ಬರಬಹುದು. ಯಾರು ಬರೆದರು ಎಂಬುದು ಆಗ ಖಂಡಿತ ವಿಚಾರಣೆಗೆ ಬರುತ್ತದೆ.

ಪ್ರಶ್ನೆ: ಇಂಟರ್ನ್ ಎಂದರೆ ಕಾಫಿ ತರುವುದು, ಜೆರಾಕ್ಸ್ ಮಾಡುವುದು ಎಂದು ಸೀನಿಯರ್‌ಗಳು ಹೇಳುತ್ತಾರೆ. ನಿಜವೇ?

ಉತ್ತರ: ಕಾಫಿಯ ಮಾತು ಸಿನಿಮಾದ್ದು. ಸಭಾಂಗಣದಲ್ಲಿ ಹೆಸರುಫಲಕ ಜೋಡಿಸುವುದು, ಬಂದವರಿಗೆ ದಾರಿ ತೋರಿಸುವುದು, ಕಾಗದಗಳನ್ನು ಹಂಚುವುದು ಇವೆಲ್ಲ ಇರುತ್ತವೆ, ಆದರೆ ಅಲ್ಲಿ ಅಧಿಕಾರಿಗಳೂ ಅದನ್ನು ಮಾಡುತ್ತಾರೆ. ತಿಂಗಳುಗಟ್ಟಲೆ ಅದೊಂದೇ ಕೆಲಸವಾದರೆ ಮಾತ್ರ ದೂರಬೇಕಾದ ಸಂಗತಿ.

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರ ಓದಿದವನು, ನನ್ನ ತಂಗಿ ಕಾನೂನು ಓದುತ್ತಿದ್ದಾಳೆ. ನೀವು ಹೇಳುವ ಸಭೆ, ಟಿಪ್ಪಣಿಗಳ ಲೋಕದಲ್ಲಿ ನಮ್ಮಂಥವರಿಗೆ ಕೆಲಸವಿದೆಯೇ?

ಉತ್ತರ: ಧಾರಾಳವಾಗಿದೆ, ಮತ್ತು ನಿಮ್ಮ ದಿನಚರಿ ಮೇಲೆ ಹೇಳಿದ್ದಕ್ಕಿಂತ ಬಹಳ ಬೇರೆಯಾಗಿರುತ್ತದೆ. ವಾಷಿಂಗ್ಟನ್‌ನ ವಿಶ್ವ ಬ್ಯಾಂಕ್‌ನಲ್ಲಿ ಇಂಟರ್ನ್ ಆದವರು ಮನೆವಾರು ಸಮೀಕ್ಷೆಯ ದತ್ತಾಂಶವನ್ನು ಒಪ್ಪ ಮಾಡುವುದು, ಕೋಡ್ ಬರೆಯುವುದು, ಕೋಷ್ಟಕ ಮತ್ತು ನಕ್ಷೆಗಳನ್ನು ಸಿದ್ಧಪಡಿಸುವುದರಲ್ಲೇ ವಾರದ ಹೆಚ್ಚಿನ ಭಾಗ ಕಳೆಯಬಹುದು. ಅಂತರರಾಷ್ಟ್ರೀಯ ಹಣಕಾಸು ನಿಧಿ ತನ್ನ ಮುಖ್ಯ ಇಂಟರ್ನ್‌ಶಿಪ್‌ಗೆ ಪಿಎಚ್‌.ಡಿ. ಮುಗಿಸುವ ಹಂತಕ್ಕೆ ಸಮೀಪಿಸಿದ ಅರ್ಥಶಾಸ್ತ್ರದ ವಿದ್ಯಾರ್ಥಿಗಳನ್ನೇ ಆರಿಸುತ್ತದೆ. ಅವರಿಗೆ ಕೊಡುವುದು ಒಂದೇ ಕೆಲಸ, ಸುಮಾರು 10ರಿಂದ 12 ವಾರಗಳಲ್ಲಿ ಒಂದು ಸಂಶೋಧನಾ ಪ್ರಬಂಧವನ್ನು ಬರೆದು ಮಂಡಿಸುವುದು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಒಂದು ಚಿಕಿತ್ಸಾ ಮಾರ್ಗಸೂಚಿ ಹೊರಬರುವ ಮುನ್ನ ನೂರಾರು ವೈದ್ಯಕೀಯ ಪ್ರಬಂಧಗಳನ್ನು ಜರಡಿ ಹಿಡಿದು, ಯಾವುದು ಪರಿಗಣನೆಗೆ ಅರ್ಹ ಎಂದು ಗುರುತಿಸುವ ಕೆಲಸವಿರುತ್ತದೆ. ಇಂಟರ್ನ್‌ಗಳ ಕೈ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಕಾನೂನು ಓದುವವರಿಗೆ ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವಿದೆ. ಅಲ್ಲಿ ನ್ಯಾಯಾಧೀಶರ ಕಚೇರಿಯಲ್ಲಾಗಲಿ ಪ್ರಾಸಿಕ್ಯೂಟರ್ ಕಚೇರಿಯಲ್ಲಾಗಲಿ ಇಂಟರ್ನ್‌ನ ದಿನ ಬಹುಪಾಲು ತೀರ್ಪುಗಳು, ಅರ್ಜಿಗಳು ಮತ್ತು ಸಾಕ್ಷ್ಯದ ಪ್ರತಿಲಿಪಿಗಳ ನಡುವೆ ಮೌನವಾಗಿ ಕಳೆಯುತ್ತದೆ. ‘ಈ ಪ್ರಶ್ನೆಯ ಬಗ್ಗೆ ಹಿಂದಿನ ನ್ಯಾಯಮಂಡಳಿಗಳು ಏನು ಹೇಳಿವೆ’ ಎಂದು ಬೆಳಿಗ್ಗೆ ಕೇಳಿ ಸಂಜೆಯೊಳಗೆ ಉತ್ತರ ಬಯಸುವುದು ಸಾಮಾನ್ಯ. ಅದರ ಜೊತೆಗೆ ದೊಡ್ಡ ಸಂಸ್ಥೆಗಳಲ್ಲಿ ಗ್ರಂಥಾಲಯ, ಅನುವಾದ, ಖರೀದಿ, ಸಿಬ್ಬಂದಿ ನೇಮಕ, ಮಾಹಿತಿ ತಂತ್ರಜ್ಞಾನದ ವಿಭಾಗಗಳೂ ಇವೆ, ಅವುಗಳಿಗೂ ಇಂಟರ್ನ್‌ಗಳು ಬೇಕು. ಅರ್ಜಿದಾರರ ನೂಕುನುಗ್ಗಲು ರಾಜಕೀಯ ವಿಭಾಗದತ್ತ ಇರುವುದರಿಂದ, ಇಂಥ ಕಡೆ ಆಯ್ಕೆಯ ಸಾಧ್ಯತೆಯೂ ಕೈತುಂಬ ಕೆಲಸ ಸಿಗುವ ಸಾಧ್ಯತೆಯೂ ಹೆಚ್ಚು ಎಂದು ನಮಗೆ ತೋರುತ್ತದೆ. ನಿಮ್ಮಂಥವರು ಹೆಸರಿನ ಆಕರ್ಷಣೆ ಬಿಟ್ಟು ವಿಭಾಗವನ್ನು ನೋಡಿ ಅರ್ಜಿ ಹಾಕುವುದು ಜಾಣತನ.

ಪ್ರಶ್ನೆ: ಇಷ್ಟೆಲ್ಲ ಕೆಲಸ ಮಾಡಿಸಿಕೊಂಡು ಸಂಬಳ ಕೊಡುವುದಿಲ್ಲವೆಂದು ಕೇಳಿದ್ದೇನೆ. ಮಾನವ ಹಕ್ಕುಗಳ ಬಗ್ಗೆ ಲೋಕಕ್ಕೆಲ್ಲ ಹೇಳುವ ಸಂಸ್ಥೆ ಹೀಗೆ ಮಾಡಬಹುದೇ?

ಉತ್ತರ: ಸಂಸ್ಥೆಯಿಂದ ಸಂಸ್ಥೆಗೆ ಉತ್ತರ ಬದಲಾಗುತ್ತದೆ. ವಿಶ್ವಸಂಸ್ಥೆಯ ಸಚಿವಾಲಯ, ಅಂದರೆ ನ್ಯೂಯಾರ್ಕ್, ಜಿನೀವಾ, ವಿಯೆನ್ನಾ, ನೈರೋಬಿ ಮೊದಲಾದ ಕಡೆಗಳಲ್ಲಿರುವ ಅದರ ಕೇಂದ್ರ ಆಡಳಿತ, ಇಂಟರ್ನ್‌ಗಳಿಗೆ ವೇತನ ನೀಡದೆ ಬಂದಿದೆ. ಪ್ರಯಾಣ, ವೀಸಾ, ವಸತಿ, ಆರೋಗ್ಯ ವಿಮೆ ಎಲ್ಲವೂ ಅಭ್ಯರ್ಥಿಯ ಹೊಣೆ. ಕೆಲಸ ಮಾತ್ರ ವಾರಕ್ಕೆ ಐದು ದಿನ, ಪೂರ್ಣಾವಧಿ, ಎರಡರಿಂದ ಆರು ತಿಂಗಳು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಇಂಟರ್ನ್‌ಗಳಿಗೆ ಭತ್ಯೆ ಕೊಡುತ್ತದೆ. ದುಡಿಮೆಗೆ ಪ್ರತಿಫಲವಿರಬೇಕೆಂದು ಹೇಳುವುದೇ ಕಸುಬಾದ ಸಂಸ್ಥೆ ಬೇರೆ ರೀತಿ ಮಾಡಿದ್ದರೆ ವಿಚಿತ್ರವಾಗುತ್ತಿತ್ತು. ವಿಶ್ವ ಬ್ಯಾಂಕ್ ಗಂಟೆಯ ಲೆಕ್ಕದಲ್ಲಿ ಸಂಬಳ ನೀಡುತ್ತದೆ. ಐರೋಪ್ಯ ಒಕ್ಕೂಟದ ಆಡಳಿತಾಂಗವಾದ ಯುರೋಪಿಯನ್ ಕಮಿಷನ್‌ನ ಐದು ತಿಂಗಳ ತರಬೇತಿ, ‘ಬ್ಲೂ ಬುಕ್’ ಎಂದು ಹೆಸರಾದದ್ದು, ಮಾಸಿಕ ಭತ್ಯೆಯೊಂದಿಗೆ ಬರುತ್ತದೆ.

ಬದಲಾವಣೆ ತಾನಾಗಿ ಬಂದಿಲ್ಲ. 2015ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ವೇತನವಿಲ್ಲದ ಇಂಟರ್ನ್ ಒಬ್ಬರು ಬಾಡಿಗೆ ಕೊಡಲಾಗದೆ ಸರೋವರದ ಬಳಿ ಗುಡಾರದಲ್ಲಿ ತಂಗಿದ್ದ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ತಾವು ಉದ್ದೇಶಪೂರ್ವಕವಾಗಿಯೇ ಈ ವಿಷಯವನ್ನು ಬೆಳಕಿಗೆ ತಂದೆವೆಂದು ಅವರು ಬಳಿಕ ಹೇಳಿಕೊಂಡರು. ಅದೇನೇ ಇದ್ದರೂ, ಪ್ರಶ್ನೆ ಮಾತ್ರ ಮುಚ್ಚಿಡಲಾಗದಂತಾಯಿತು. ಜಿನೀವಾ ಮತ್ತು ನ್ಯೂಯಾರ್ಕ್‌ನ ಇಂಟರ್ನ್‌ಗಳು ಸಂಘಟಿತರಾಗಿ ಭತ್ಯೆಗೆ ಒತ್ತಾಯಿಸಿದರು. 2018ರಲ್ಲಿ ವಿಶ್ವಸಂಸ್ಥೆಯ ಜಂಟಿ ತಪಾಸಣಾ ಘಟಕ ಇಡೀ ವ್ಯವಸ್ಥೆಯ ಇಂಟರ್ನ್‌ಶಿಪ್‌ಗಳನ್ನು ಪರಾಮರ್ಶಿಸಿ ವರದಿ ನೀಡಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಸೇರುವ ವಿಶ್ವ ಆರೋಗ್ಯ ಸಭೆಯು, 2020ರೊಳಗೆ ಆ ಸಂಸ್ಥೆಯ ಇಂಟರ್ನ್‌ಗಳಿಗೆ ಆರ್ಥಿಕ ನೆರವು ಸಿಗಬೇಕು, 2022ರೊಳಗೆ ಅವರಲ್ಲಿ ಕನಿಷ್ಠ ಅರ್ಧದಷ್ಟು ಜನ ಅತ್ಯಂತ ಹಿಂದುಳಿದ ಮತ್ತು ಮಧ್ಯಮ ಆದಾಯದ ದೇಶಗಳವರಾಗಿರಬೇಕು ಎಂದು ನಿರ್ಣಯಿಸಿತು. ಭತ್ಯೆ 2020ರಿಂದ ಜಾರಿಗೆ ಬಂತು.

ಅವೆರಡು ಗುರಿಗಳನ್ನು ಒಟ್ಟಿಗೆ ಇಟ್ಟದ್ದು ಸರಿಯಾಗಿಯೇ ಇದೆ. ಜಗತ್ತಿನ ಅತ್ಯಂತ ದುಬಾರಿ ನಗರಗಳಲ್ಲಿ ಆರು ತಿಂಗಳು ಸ್ವಂತ ಖರ್ಚಿನಲ್ಲಿ ಬದುಕಬೇಕು ಎಂಬ ಷರತ್ತು ಹಾಕಿದ ಕೂಡಲೇ, ಅರ್ಜಿ ತೆರೆಯುವ ಮೊದಲೇ ಆಯ್ಕೆ ಅರ್ಧ ಮುಗಿದುಹೋಗಿರುತ್ತದೆ. ಹಣವಿರುವ ಕುಟುಂಬದ ಮಕ್ಕಳು ಅಥವಾ ವಿದ್ಯಾರ್ಥಿವೇತನ ಕೊಡಬಲ್ಲ ವಿಶ್ವವಿದ್ಯಾಲಯಗಳ ಮಕ್ಕಳು ಮಾತ್ರ ಉಳಿಯುತ್ತಾರೆ. ಬಡದೇಶಗಳ ಬಗ್ಗೆ ಬರೆಯುವ ಮೇಜಿನಲ್ಲಿ ಬಡದೇಶದವರು ಇಲ್ಲದೆ ಹೋಗುವುದು ಹೀಗೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಿಯಮದ ಪ್ರಕಾರ ಮಾಡಬಹುದು, ಮಾಡುತ್ತಲೂ ಇದೆ, ಆದರೆ ಅದು ನ್ಯಾಯವಲ್ಲ. ಸಾಲ ಮಾಡಿ ಹೋಗುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಭತ್ಯೆ ಕೊಡುವ ಸಂಸ್ಥೆಗಳಿಗೆ ಮೊದಲು ಪ್ರಯತ್ನಿಸಿ. 2020ರ ಸಾಂಕ್ರಾಮಿಕದ ನಂತರ ಮನೆಯಿಂದಲೇ ಮಾಡಬಹುದಾದ ಇಂಟರ್ನ್‌ಶಿಪ್‌ಗಳೂ ಕಾಣಿಸಿಕೊಂಡಿವೆ, ಅವುಗಳನ್ನೂ ಗಮನಿಸಿ. ಅರ್ಜಿಗಾಗಲಿ ಸಂದರ್ಶನಕ್ಕಾಗಲಿ ತರಬೇತಿಗಾಗಲಿ ವಿಶ್ವಸಂಸ್ಥೆ ಯಾವ ಹಂತದಲ್ಲೂ ಶುಲ್ಕ ಪಡೆಯುವುದಿಲ್ಲ. ಅದರ ಹೆಸರಿನಲ್ಲಿ ಹಣ ಕೇಳಿದವರು ಮೋಸಗಾರರೇ.

ಪ್ರಶ್ನೆ: ನನ್ನ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್. ಮಾತನಾಡುವಾಗ ತಡವರಿಸುತ್ತೇನೆ. ಫ್ರೆಂಚ್ ಬರುವುದೇ ಇಲ್ಲ. ಅಲ್ಲಿ ನಡೆಯುತ್ತದೆಯೇ?

ಉತ್ತರ: ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್ ಮತ್ತು ಸ್ಪ್ಯಾನಿಷ್. ಸಚಿವಾಲಯದ ದಿನನಿತ್ಯದ ವ್ಯವಹಾರದ ಭಾಷೆಗಳು ಎರಡು, ಇಂಗ್ಲಿಷ್ ಮತ್ತು ಫ್ರೆಂಚ್. ಇಂಟರ್ನ್‌ಗೆ ಇವುಗಳಲ್ಲಿ ಒಂದು ಚೆನ್ನಾಗಿ ಬಂದರೆ ಸಾಕು. ಅಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನರಿಗೆ ಇಂಗ್ಲಿಷ್ ಎರಡನೆಯ ಅಥವಾ ಮೂರನೆಯ ಭಾಷೆ, ಆದ್ದರಿಂದ ಉಚ್ಚಾರಣೆಯನ್ನು ನೋಡಿ ಯಾರೂ ಅಳೆಯುವುದಿಲ್ಲ. ಅಲ್ಲಿ ಅಳೆಯುವುದು ಬರವಣಿಗೆಯನ್ನು. ಪುಸ್ತಕದ ಇಂಗ್ಲಿಷ್ ಎಂದು ನೀವು ಸಂಕೋಚಪಡುವುದು ಕರಡು ಬರೆಯುವಾಗ ಅನುಕೂಲವೇ ಆದೀತು. ಫ್ರೆಂಚ್ ಬಂದರೆ ಜಿನೀವಾ, ಪ್ಯಾರಿಸ್ ಕಚೇರಿಗಳಲ್ಲಿಯೂ ಆಫ್ರಿಕಕ್ಕೆ ಸಂಬಂಧಿಸಿದ ವಿಭಾಗಗಳಲ್ಲಿಯೂ ಬಾಗಿಲು ಇನ್ನಷ್ಟು ತೆರೆಯುತ್ತದೆ.

ಪ್ರಶ್ನೆ: ನಾನು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಇಂಟರ್ನ್ ಆಗಿ ಸೇರಿ ಒಂದು ತಿಂಗಳಾಗಿದೆ. ನನ್ನನ್ನು ಆರಿಸಿದ ಮೇಲ್ವಿಚಾರಕರು ಸದಾ ಪ್ರವಾಸದಲ್ಲಿರುತ್ತಾರೆ. ಬೇರೆಯವರು ನಗುನಗುತ್ತಾ ಮಾತನಾಡಿಸುತ್ತಾರೆ, ಕೆಲಸ ಮಾತ್ರ ಕೊಡುವುದಿಲ್ಲ. ದಿನವಿಡೀ ಹಳೆಯ ವರದಿಗಳನ್ನು ಓದುತ್ತಾ ಕೂರುತ್ತೇನೆ. ಮನೆಯವರಿಗೆ ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ.

ಉತ್ತರ: ನಾಚಿಕೆಪಡುವಂಥದ್ದು ನೀವೇನೂ ಮಾಡಿಲ್ಲ. ಇಂಟರ್ನ್‌ಶಿಪ್‌ನ ಬೆಲೆಯನ್ನು ತೀರ್ಮಾನಿಸುವುದು ಬಾಗಿಲ ಮೇಲಿನ ಲಾಂಛನಕ್ಕಿಂತ ಹೆಚ್ಚಾಗಿ ಮೇಲ್ವಿಚಾರಕರು ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಒಬ್ಬ ಇಂಟರ್ನ್ ಉಸಿರಾಡಲು ಬಿಡುವಿಲ್ಲದೆ ದುಡಿಯುತ್ತಿದ್ದರೆ ಇನ್ನೊಬ್ಬರು ನಿಮ್ಮಂತೆ ಕುಳಿತಿರಬಹುದು. ಕಾರಣ ಹೆಚ್ಚಿನ ಸಲ ದುರುದ್ದೇಶವಲ್ಲ. ಹೊಸಬರಿಗೆ ಕೆಲಸ ವಿವರಿಸುವುದಕ್ಕೆ ಬೇಕಾದ ಅರ್ಧ ಗಂಟೆ ಯಾರಿಗೂ ಸಿಗುತ್ತಿಲ್ಲ, ಅಷ್ಟೆ.

ಆ ಅರ್ಧ ಗಂಟೆಯನ್ನು ನೀವೇ ಉಳಿಸಿಕೊಡಿ. ನಿಮ್ಮ ನೇಮಕದ ವೇಳೆ ಕೊಟ್ಟ ಕೆಲಸದ ವಿವರಣೆಯನ್ನು ತೆಗೆದು ನೋಡಿ, ಅದರಲ್ಲಿ ಬರೆದ ಯಾವುದು ಇನ್ನೂ ಆರಂಭವಾಗಿಲ್ಲ ಎಂದು ಗುರುತು ಮಾಡಿಕೊಳ್ಳಿ. ‘ಏನಾದರೂ ಕೆಲಸವಿದೆಯೇ’ ಎಂದು ಕೇಳಿದರೆ ‘ಆಮೇಲೆ ನೋಡೋಣ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ, ‘ಮುಂದಿನ ವಾರದ ಸಭೆಗೆ ಕಳೆದ ಮೂರು ವರ್ಷಗಳ ನಿರ್ಣಯಗಳನ್ನು ಹೋಲಿಸಿ ಎರಡು ಪುಟದ ಟಿಪ್ಪಣಿ ಸಿದ್ಧಪಡಿಸಲೇ, ಗುರುವಾರ ಕೊಡುತ್ತೇನೆ’ ಎಂದು ಮಿಂಚಂಚೆ ಬರೆಯಿರಿ. ಪ್ರವಾಸದಲ್ಲಿರುವವರೂ ಒಂದು ಪದದಲ್ಲಿ ‘ಆಗಲಿ’ ಎನ್ನಬಲ್ಲರು. ಕೊಟ್ಟ ಟಿಪ್ಪಣಿ ಉಪಯೋಗಕ್ಕೆ ಬಂದರೆ ಮುಂದಿನ ಕೆಲಸ ಅವರೇ ಕಳುಹಿಸುತ್ತಾರೆ. ಜೊತೆಗೆ, ಮೇಲ್ವಿಚಾರಕರು ಇಲ್ಲದಾಗ ಯಾರಿಗೆ ವರದಿ ಮಾಡಬೇಕು ಎಂಬುದನ್ನು ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಪಕ್ಕದ ವಿಭಾಗದ ಸಭೆಗಳಿಗೆ ಹೋಗಲು ಅನುಮತಿ ಪಡೆಯಿರಿ. ಕಿವಿಯಿಂದ ಕಲಿಯುವುದಕ್ಕೆ ಯಾರೂ ಕೆಲಸ ಹಂಚಿಕೊಡಬೇಕಾಗಿಲ್ಲ.

ಇವೆಲ್ಲ ಮಾಡಿಯೂ ಎರಡು ಮೂರು ವಾರಗಳಲ್ಲಿ ಏನೂ ಬದಲಾಗದಿದ್ದರೆ ಮಾನವ ಸಂಪನ್ಮೂಲ ವಿಭಾಗದಲ್ಲಿ ಇಂಟರ್ನ್‌ಗಳನ್ನು ನೋಡಿಕೊಳ್ಳುವವರಿಗೆ ವಿಷಯ ತಿಳಿಸಿ. ಅವಧಿಗೆ ಮುನ್ನ ಬಿಟ್ಟು ಬರುವುದೂ ಅವಮಾನವಲ್ಲ, ಅದರಲ್ಲೂ ನಿಮ್ಮ ಸ್ವಂತ ಹಣದಲ್ಲಿ ನೀವು ಅಲ್ಲಿದ್ದರೆ. ಈ ಪ್ರಶ್ನೆಯನ್ನು ಓದುತ್ತಿರುವ ಇತರರಿಗೆ ಒಂದು ಸೂಚನೆ: ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ, ಈಗಿರುವ ಇಂಟರ್ನ್ ಕಳೆದ ವಾರ ಯಾವ ಕೆಲಸ ಮಾಡಿದರು ಎಂದು ಕೇಳಿ. ಉತ್ತರಿಸಲು ಅವರು ತಡವರಿಸಿದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಪ್ರಶ್ನೆ: ಚೆನ್ನಾಗಿ ಕೆಲಸ ಮಾಡಿದರೆ ಅಲ್ಲೇ ಉದ್ಯೋಗ ಸಿಗುತ್ತದೆಯೇ?

ಉತ್ತರ: ಸಚಿವಾಲಯದಲ್ಲಿ ನೇರವಾಗಿ ಸಿಗುವುದಿಲ್ಲ. ಇಂಟರ್ನ್‌ಶಿಪ್ ಮುಗಿದ ಆರು ತಿಂಗಳವರೆಗೆ ವೃತ್ತಿಪರ ಶ್ರೇಣಿಯ ಹುದ್ದೆಗಳಿಗೆ ಅರ್ಜಿ ಹಾಕುವಂತೆಯೇ ಇಲ್ಲ ಎಂಬ ನಿಯಮವಿದೆ. ಬೇರೆ ಅಂಗಸಂಸ್ಥೆಗಳ ನಿಯಮಗಳು ಬೇರೆ. ಹೊಸಬರಿಗೆ ಇರುವ ದಾರಿಗಳಲ್ಲಿ ಒಂದು, 32 ವರ್ಷ ಮೀರದವರಿಗಾಗಿ ಪರೀಕ್ಷೆಯ ಮೂಲಕ ನಡೆಯುವ ಯುವ ವೃತ್ತಿಪರರ ನೇಮಕಾತಿ. ಅದರಲ್ಲಿ ಭಾಗವಹಿಸುವ ದೇಶಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇನ್ನೊಂದು, ಬಾನ್ ನಗರದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ, ಅದರಲ್ಲಿ ಜೀವನ ಭತ್ಯೆಯೂ ಇರುತ್ತದೆ. ಅಲ್ಪಾವಧಿಯ ಸಲಹೆಗಾರರಾಗಿ ಕರೆಸಿಕೊಳ್ಳುವುದೂ ಉಂಟು. ಇವೆಲ್ಲಕ್ಕೂ ಇಂಟರ್ನ್‌ಶಿಪ್ ಸಹಾಯವಾದೀತು, ಹಕ್ಕಾಗದು.

ಪ್ರಶ್ನೆ: ಅಲ್ಲಿ ನೋಡಿದ, ಬರೆದ ವಿಷಯಗಳನ್ನು ನನ್ನ ಪ್ರಬಂಧದಲ್ಲಿ ಬಳಸಿಕೊಳ್ಳಬಹುದೇ? ಸಭೆಗಳ ಚಿತ್ರಗಳನ್ನು ಜಾಲತಾಣದಲ್ಲಿ ಹಾಕಬಹುದೇ?

ಉತ್ತರ: ಈಗಾಗಲೇ ಪ್ರಕಟವಾದ ದಾಖಲೆಗಳನ್ನು ಯಾರು ಬೇಕಾದರೂ ಉಲ್ಲೇಖಿಸಬಹುದು, ನಿರ್ಣಯಗಳು, ವರದಿಗಳು ವಿಶ್ವಸಂಸ್ಥೆಯ ಅಧಿಕೃತ ದಾಖಲೆಗಳ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಆಂತರಿಕ ಟಿಪ್ಪಣಿಗಳು, ಕರಡುಗಳು, ಮಿಂಚಂಚೆಗಳು, ಮುಚ್ಚಿದ ಬಾಗಿಲಿನ ಸಭೆಯಲ್ಲಿ ಯಾರು ಏನು ಹೇಳಿದರು ಎಂಬುದು ಇವು ಯಾವುವೂ ನಿಮ್ಮವಲ್ಲ, ನೀವೇ ಬರೆದದ್ದಾದರೂ ಸಹ. ಸೇರುವಾಗ ಸಹಿ ಹಾಕುವ ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇರುತ್ತದೆ, ಮತ್ತು ಇಂಟರ್ನ್‌ಶಿಪ್ ಮುಗಿದ ಮೇಲೂ ಅದು ಮುಗಿಯುವುದಿಲ್ಲ. ಸಾರ್ವಜನಿಕ ಸಭಾಂಗಣದಲ್ಲಿ ನಿಮ್ಮ ಚಿತ್ರ ತೆಗೆದುಕೊಳ್ಳುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಆದರೆ ಹಿಂದಿನ ಪರದೆಯ ಮೇಲೆ ಕರಡು ಕಾಣುತ್ತಿದ್ದರೆ ಅದನ್ನು ಹಾಕಬೇಡಿ, ಸಂಸ್ಥೆಯ ಪರವಾಗಿ ಮಾತನಾಡುತ್ತಿರುವಂತೆ ತೋರುವ ಬರಹವನ್ನೂ ಹಾಕಬೇಡಿ. ಪ್ರಬಂಧಕ್ಕೆ ಸಂದರ್ಶನ ಅಥವಾ ಅಪ್ರಕಟಿತ ದತ್ತಾಂಶ ಬೇಕಿದ್ದರೆ ಮೇಲ್ವಿಚಾರಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಅದನ್ನು ಕೊನೆಯ ವಾರಕ್ಕೆ ಮುಂದೂಡಬೇಡಿ, ಏಕೆಂದರೆ ಅವಧಿ ಮುಗಿದ ಮೇಲೆ ನಿಮ್ಮ ಕಚೇರಿಯ ಮಿಂಚಂಚೆ ಖಾತೆ ಮುಚ್ಚಿಹೋಗುತ್ತದೆ, ಅದರಲ್ಲಿದ್ದ ಒಪ್ಪಿಗೆಯೂ ಅದರ ಜೊತೆಗೇ ಹೋಗುತ್ತದೆ.